ಆಲಿಕಲ್ಲಿನ ವರ್ಷದ ಬಾಟಲಿ

ನಮ್ಮ ಊರಿನಲ್ಲಿ ಒಳ್ಳೆಯ ವೈನ್ ಕೂಡಿಡಬೇಕೆಂದು ಮನಸ್ಸು ಮಾಡಿದವರು ಮೊದಲು ಗೋಡೆ ದಪ್ಪ ಮಾಡಿಸುತ್ತಾರೆ. ಬಾಟಲಿ ಆಮೇಲೆ. ಯಾಕೆಂದರೆ ವೈನ್ ಹದಕ್ಕೆ ಬಂದ ದಿನ ಬಾಟಲಿ ಗುನುಗಲು ಶುರುಮಾಡುತ್ತದೆ. ಬೂಚು ಹಾಕಿದ್ದು ಹಾಕಿದ ಹಾಗೇ, ಮಲಗಿದಲ್ಲಿಂದ ಅಲುಗದೆ, ಮೊದಲು ಸಣ್ಣಗೆ, ಆಮೇಲೆ ಬೀದಿಗೆ ಕೇಳುವಷ್ಟು. ಬಾಟಲಿಗೆ ಬಾಯಿ ಬಂತು ಅನ್ನುತ್ತೇವೆ. ಬಾಯಿ ಬಂದ ಬಾಟಲಿಯನ್ನು ಮೂರನೆಯ ದಿನ ಹೊತ್ತು ಮುಳುಗುವುದರೊಳಗೆ ತೆಗೆದು ಕುಡಿದುಬಿಡಬೇಕು. ಬಿಟ್ಟರೆ ಒಳಗೆ ಉಳಿಯುವುದು ಬರೀ ಹುಳಿನೀರು. ಮತ್ತು ಅದರ ದನಿ ಯಾರ ಯಾರ ಕಿವಿಗೆ ಬಿತ್ತೋ ಅವರಿಗೆಲ್ಲ ಅದರಲ್ಲಿ ಪಾಲು. ಈ ಕಟ್ಟಳೆ ಯಾರು ಮಾಡಿದರೋ ತಿಳಿಯದು. ಮುರಿದವರನ್ನಂತೂ ನಾನು ಕಂಡಿಲ್ಲ.

ಹೀಗಾಗಿ ನಮ್ಮವರು ಸಂಜೆ ತಿರುಗಾಡಲು ಹೋದರೆ ಬಲು ನಿಧಾನ. ಜೇಬಿನಲ್ಲೋ ಸೆರಗಿನ ತುದಿಯಲ್ಲೋ ಒಂದು ಪುಟ್ಟ ಸ್ಟೀಲ್ ಲೋಟ ಇದ್ದೇ ಇರುತ್ತದೆ. ಅಂಚೆಯವನು ಒಂದು ಪೋಸ್ಟ್‌ಕಾರ್ಡ್ ಕೊಡಲು ಬಾಗಿಲಲ್ಲಿ ಐದು ನಿಮಿಷ ನಿಲ್ಲುತ್ತಾನೆ. ನಮ್ಮ ಪಕ್ಕದ ಮನೆಯ ರಾಚವ್ವನ ಕಿವಿ ಎಷ್ಟು ಚುರುಕೆಂದರೆ, ಆಕೆ ಮನೆ ಬದಲಿಸುತ್ತಾಳೆಂಬ ಸುದ್ದಿ ಹಬ್ಬಿದಾಗ ಯಾವ ಓಣಿಯವರೂ ಆಕೆಗೆ ಬಾಡಿಗೆ ಮನೆ ಕೊಡಲಿಲ್ಲ.

ಊರಿಂದ ಎರಡು ಮೈಲಿ ದೂರದಲ್ಲಿ, ಹೆದ್ದಾರಿಯ ಪಕ್ಕ, ಸುಣ್ಣ ಬಳಿದ ಗಡಿಕಲ್ಲಿದೆ. ಅದರಾಚೆಗೆ ಯಾವ ಬಾಟಲಿಯೂ ಈವರೆಗೆ ಚಕಾರ ಎತ್ತಿದ್ದಿಲ್ಲ. ಬಾಯಿ ಬರದ ಬಾಟಲಿಯನ್ನು ಕಲ್ಲು ದಾಟಿಸಿದರೆ ಅದು ನೂರು ವರ್ಷವಾದರೂ ಮೂಕವಾಗೇ ಇರುತ್ತದೆ, ಹಳೆಯದಾದಷ್ಟೂ ಬೆಲೆ ಏರುತ್ತದೆ. ಅದಕ್ಕೇ ದೊಡ್ಡ ಪಟ್ಟಣಗಳ ವ್ಯಾಪಾರಿಗಳು ಕಲ್ಲಿನ ಆಚೆ ಕಾರು ನಿಲ್ಲಿಸಿಕೊಂಡು ಕಾಯುತ್ತಾರೆ. ಹೀಗಾಗಿ ಬಾಟಲಿ ಕೂಡಿಡುವವರಲ್ಲಿ ನಮ್ಮಲ್ಲಿ ಎರಡು ಪಂಗಡ. ಬಾಯಿ ಯಾವಾಗ ಬಂದೀತೆಂದು ಕಾಯುವವರದು ಒಂದು. ಬಾಯಿ ಬರುವುದರೊಳಗೆ ಒಳ್ಳೆಯ ಬೆಲೆ ಬರಲೆಂದು ಕಾಯುವವರದು ಇನ್ನೊಂದು. ನಾನು ದಿನ ಬಿಟ್ಟು ದಿನ ಪಂಗಡ ಬದಲಿಸುತ್ತಿದ್ದೆ.

ನಾನು ಚಂಪಾ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿದವಳು. ನಮ್ಮ ಮನೆಯ ಅಡಿಯಲ್ಲಿ ಹಿಂದೆ ಜೋಳ ತುಂಬುತ್ತಿದ್ದ ಹಗೇವು ಇದೆ. ಅದರೊಳಗೆ ಒದ್ದೆ ಮರಳು ಹಾಸಿ ಮೂವತ್ತೊಂದು ಬಾಟಲಿ ಮಲಗಿಸಿಟ್ಟಿದ್ದೆ. ಬೆಳಿಗ್ಗೆ ಎದ್ದು ಚಹಾಕ್ಕೆ ನೀರಿಡುವ ಮೊದಲು ಏಣಿ ಇಳಿದು ಅವನ್ನೆಲ್ಲ ನೋಡಿ ಬರುವುದು ನನ್ನ ಪದ್ಧತಿ. ಕೆಲವರು ದೇವರ ಮನೆಯಲ್ಲಿ ಕಳೆಯುವಷ್ಟು ಹೊತ್ತು ನಾನು ಅಲ್ಲಿ ಕಳೆಯುತ್ತಿದ್ದೆ. ಯಾವ ಬಾಟಲಿಯ ಕತ್ತಿನಲ್ಲಿ ವೈನ್ ಎಷ್ಟು ಇಳಿದಿದೆ, ಯಾವ ಚೀಟಿಯ ಅಂಚು ಎದ್ದಿದೆ, ಎಲ್ಲ ಬಾಯಿಪಾಠ. ನನ್ನ ಗಂಡ ಗುರುಪಾದ ಗಡಿಯಾರ ರಿಪೇರಿ ಮಾಡುವವರು, ಒಂದು ಹನಿ ಮುಟ್ಟುವವರಲ್ಲ. ಒಮ್ಮೆ ನನ್ನ ಜೊತೆ ಕೆಳಗಿಳಿದು ಬಂದು, "ಇವು ಎಲ್ಲಾ ಒಂದಽ ಥರಾ ಕಾಣ್ತಾವಲ್ಲ ಚಂಪಾ" ಅಂದರು. ಎರಡು ದಿನ ನಾನು ಅವರ ಕೂಡ ಸರಿಯಾಗಿ ಮಾತಾಡಲಿಲ್ಲ.

ಆ ಮೂವತ್ತೊಂದರಲ್ಲಿ ಒಂದು ಬಾಟಲಿ ಪೂರ್ತಿ ನನ್ನದಾಗಿರಲಿಲ್ಲ. ಅದು ಆಲಿಕಲ್ಲಿನ ವರ್ಷದ್ದು. ಆ ವರ್ಷ ಗುಡ್ಡದ ತೋಟಗಳ ಮೇಲೆ ಸುಲಿದ ತೆಂಗಿನಕಾಯಿಯಷ್ಟು ದೊಡ್ಡ ಆಲಿಕಲ್ಲು ಬಿದ್ದು, ಒಂದು ಗೋಡೆಯ ಮರೆಯಲ್ಲಿದ್ದ ಒಂದೇ ಸಾಲು ದ್ರಾಕ್ಷಿ ಉಳಿದಿತ್ತು. ಅದರಿಂದ ಆದದ್ದು ಮೂವತ್ತಾರು ಬಾಟಲಿ. ಮೂವತ್ತೈದು ಯಾವಾಗಲೋ ಬಾಯಿ ಬಂದು ಖಾಲಿಯಾದವು. ಕೊನೆಯದು ಹರಾಜಿಗೆ ಬಂದಾಗ ಹಿಟ್ಟಿನ ಗಿರಣಿಯ ಮಾಲೀಕ ಒಂದು ಕಡೆ, ನಾನು ಒಂದು ಕಡೆ, ಬಸ್ ಕಂಡಕ್ಟರ್ ಈರಸಂಗಪ್ಪ ಇನ್ನೊಂದು ಕಡೆ ನಿಂತು ಕೂಗಿದೆವು. ಗಿರಣಿಯವನು ಬೆಲೆ ಏರಿಸುತ್ತಲೇ ಹೋದ. ಕೊನೆಗೆ ಈರಸಂಗಪ್ಪ ನನ್ನ ಹತ್ತಿರ ಸರಿದು, "ಟೀಚರ್ರ, ನಿಮ್ದೂ ನಂದೂ ಕೂಡ್ಸಿದ್ರ?" ಅಂದ. ಕೂಡಿಸಿದೆವು. ಗಿರಣಿಯವನ ಮುಖ ನೋಡಬೇಕಿತ್ತು. ಅಂದಿನಿಂದ ಬಾಟಲಿ ಆರು ತಿಂಗಳು ಅವನ ಮನೆಯಲ್ಲಿ, ಆರು ತಿಂಗಳು ನಮ್ಮ ಮನೆಯಲ್ಲಿ. ಇಪ್ಪತ್ತೇಳು ವರ್ಷ.

ಅದರಲ್ಲಿ ಕೊನೆಯ ಒಂಬತ್ತು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ತಪ್ಪು ನನ್ನದೇ ಇರಬೇಕು. ಒಂದು ಸಲ ಅವನ ಪಾಳಿ ಮುಗಿದಾಗ ಬಾಟಲಿ ತರಲು ಹೋದರೆ ಅದು ಗೋಡೆಗೆ ಒರಗಿ ನೆಟ್ಟಗೆ ನಿಂತಿತ್ತು. ನಿಲ್ಲಿಸಿಟ್ಟರೆ ಬೂಚು ಒಣಗಿ ಗಾಳಿ ಹೋಗುತ್ತದೆ, ಇದು ಎಳೆ ಮಕ್ಕಳಿಗೂ ಗೊತ್ತು. ಅವನ ಬೀಗರು ಬಂದು ಕೂತಿದ್ದರು. ಅವರ ಎದುರಿಗೇ ನಾನು, "ಇದೇನು ಬಸ್ಸಿನ ಮ್ಯಾಲಿನ ಲಗೇಜ್ ಅಂತ ತಿಳಿದೀರೇನು?" ಅಂದುಬಿಟ್ಟೆ. ಅಂದು ಮುಚ್ಚಿದ ಅವನ ಬಾಯಿ ಮತ್ತೆ ನನ್ನೆದುರು ತೆರೆಯಲಿಲ್ಲ. ಆರು ತಿಂಗಳಿಗೊಮ್ಮೆ ಅವನ ಹೆಂಡತಿ ಸುಂದ್ರವ್ವ ಬಾಟಲಿಯನ್ನು ಕೂಸಿನ ಹಾಗೆ ದುಪ್ಪಟಿಯಲ್ಲಿ ಸುತ್ತಿಕೊಂಡು ಬರುತ್ತಿದ್ದಳು, ಒಯ್ಯುತ್ತಿದ್ದಳು. "ಇಬ್ರೂ ಒಂದಽ ಊರಾಗ ಇದ್ದು ನನ್ನ ಅಂಚೆಯಾಕಿ ಮಾಡೀರಿ ನೋಡ್ರಿ" ಎಂದು ಗೊಣಗುತ್ತಿದ್ದಳು.

ಹೋದ ವರ್ಷ ರೆಬೆಲ್ಲೊ ಎಂಬ ವ್ಯಾಪಾರಿ ಹೆಂಗಸು ಬಂದು ಬಾಟಲಿ ನೋಡಿದಳು. ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು, ಚೀಟಿಯ ಒಂದೊಂದು ಅಕ್ಷರ ಓದಿದಳು. ಬಾಟಲಿಯನ್ನು ಆಕೆ ಮುಟ್ಟಿದ ರೀತಿ ನನಗೆ ಹಿಡಿಸಿತು. ಆಮೇಲೆ ಬೆಲೆ ಹೇಳಿದಳು. ಗುರುಪಾದರ ಕೈಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಅರ್ಧ ಪಾಲಿನಲ್ಲಿ ನಮ್ಮ ಸೋರುವ ಮಾಳಿಗೆ ಪೂರ್ತಿ ಹೊಸದಾಗುತ್ತಿತ್ತು. ಮೇಲೆ ಇನ್ನೂ ನಾಲ್ಕು ಒಳ್ಳೆಯ ಬಾಟಲಿ ಬರುತ್ತಿದ್ದವು. ಆ ನಾಲ್ಕರ ಹೆಸರನ್ನು ಅದೇ ದಿನ ಬರೆದಿಟ್ಟೆ. ಈರಸಂಗಪ್ಪನ ಕಡೆಯಿಂದ ಸುಂದ್ರವ್ವ ಸುದ್ದಿ ತಂದಳು: ಅವರೂ ಒಪ್ಪಿದ್ದಾರೆ. ಅವನು ನಿವೃತ್ತಿಯಾಗುವ ಮುನ್ನ ಮೂವತ್ತು ವರ್ಷ ಟಿಕೆಟ್ ಹರಿದ ಹಳೆಯ ಹನ್ನೊಂದನೆಯ ನಂಬರಿನ ಬಸ್ಸು ಡಿಪೋದಲ್ಲಿ ಹರಾಜಿಗೆ ನಿಂತಿತ್ತು. ಅದನ್ನು ಕೊಂಡು ಗುಡ್ಡದ ಹಾದಿಯಲ್ಲಿ ತಾನೇ ಓಡಿಸಬೇಕೆಂದು ಅವನ ಆಸೆ. ಮುಂದಿನ ಗುರುವಾರ ಸಂಜೆ ನಾಲ್ಕೂವರೆಗೆ, ಗಡಿಕಲ್ಲಿನ ಆಚೆ, ಎಂದು ಮಾತಾಯಿತು. ಬಾಟಲಿ ಆಗ ನನ್ನ ಪಾಳಿಯಲ್ಲಿತ್ತು.

ಗುರುವಾರ ಬೆಳಿಗ್ಗೆ ಏಣಿ ಇಳಿದೆ. ಕೊನೆಯ ಮೆಟ್ಟಿಲಲ್ಲೇ ಕಾಲು ನಿಂತಿತು. ಏನನ್ನೋ ಹುಡುಕುತ್ತ ತನ್ನಷ್ಟಕ್ಕೆ ಹಾಡಿಕೊಳ್ಳುವ ಹೆಂಗಸಿನ ದನಿಯಂತೆ, ತೀರ ಮೆಲ್ಲಗೆ, ಮೂಲೆಯಿಂದ ಬರುತ್ತಿತ್ತು. ಇಪ್ಪತ್ತೇಳು ವರ್ಷ ಉಸಿರೆತ್ತದೆ ಮಲಗಿದ್ದ ಬಾಟಲಿ ಸರಿಯಾಗಿ ಆ ದಿನವೇ ಬಾಯಿ ತೆರೆದಿತ್ತು. ನಾನು ಮರಳ ಮೇಲೆ ಕೂತೆ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಎಷ್ಟು ಚೆಂದ ಗುನುಗುತ್ತಿತ್ತೆಂದರೆ, ಮೇಲಿನಿಂದ ಗುರುಪಾದ "ಹಾಲು ಉಕ್ಕಾಕ ಹತ್ತೈತಿ" ಎಂದು ಮೂರು ಸಲ ಕೂಗಿದ್ದು ಕೇಳಿಸಲಿಲ್ಲ. ಕೊನೆಗೆ ಅವರೇ ಇಳಿದು ಬಂದರು. ಕಿವಿಗೊಟ್ಟರು.

"ಇದು ಆ ಬಾಟ್ಲಿ ಅಲ್ಲಲ್ಲ?" ಅಂದರು.

"ಅದಽ."

"ಅಯ್ಯಯ್ಯ. ಮಾಳಿಗಿ ಹೋತು" ಅಂದರು.

ಮೇಲೆ ಬಂದು ನೋಡಿದರೆ ರಾಚವ್ವ ಆಗಲೇ ಬಾಗಿಲಲ್ಲಿ. ಲೋಟ ಸೆರಗಿನೊಳಗಿದ್ದದ್ದು ಎದ್ದು ಕಾಣುತ್ತಿತ್ತು. "ಒಂದೀಟು ಸಕ್ರಿ ಇದ್ರ ಕೊಡ್ರಿ ಚಂಪಕ್ಕಾರ" ಎನ್ನುತ್ತ ತಲೆಯನ್ನು ಕೋಳಿಯಂತೆ ಒಂದು ಕಡೆ ವಾಲಿಸಿದಳು. ಗುರುಪಾದರಿಗೆ ಆ ಹೊತ್ತಿನಲ್ಲಿ ಎಲ್ಲಿಂದ ಬುದ್ಧಿ ಬಂತೋ, ಒಳಗೆ ಹೋಗಿ ಮಿಕ್ಸರ್ ಹಚ್ಚಿಬಿಟ್ಟರು. ಬರಿದೇ ಮಿಕ್ಸರ್, ಒಳಗೆ ಒಂದು ಕಾಳೂ ಇಲ್ಲ. ಅದರ ಆರ್ಭಟದಲ್ಲಿ ನಾನು ರಾಚವ್ವನಿಗೆ ಅರ್ಧ ಸೇರು ಸಕ್ಕರೆ ಕೊಟ್ಟು, ಬಾಗಿಲಿನಿಂದಲೇ ಆಚೆ ದಾಟಿಸಿದೆ. ಆಮೇಲೆ ಬಾಟಲಿಯನ್ನು ಕಂಬಳಿಯಲ್ಲಿ ಸುತ್ತಿ, ಎಣ್ಣೆಯ ಡಬ್ಬಿಯಲ್ಲಿಟ್ಟು, ಸುತ್ತ ಜೋಳ ಸುರಿದೆ. ದನಿ ಸಣ್ಣದಾಯಿತು, ನಿಲ್ಲಲಿಲ್ಲ.

ಡಬ್ಬಿ ಗುರುಪಾದರ ಸುಪರ್ದಿಗೆ ಬಿಟ್ಟು ನಾನು ಈರಸಂಗಪ್ಪನ ಮನೆಗೆ ಹೊರಟೆ. ಒಂಬತ್ತು ವರ್ಷ ತುಳಿಯದ ಓಣಿ. ಅವನು ಕಟ್ಟೆಯ ಮೇಲೆ ಕೂತು ಬಿಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಮಾರಾಟಕ್ಕೆಂದು ಇಸ್ತ್ರಿ ಮಾಡಿಸಿದ್ದ. ನನ್ನನ್ನು ಕಂಡು ಗುಂಡಿ ಹಿಡಿದ ಬೆರಳು ಹಾಗೇ ನಿಂತವು.

"ಬಾಯಿ ಬಂದೈತಿ" ಅಂದೆ.

"ಟೀಚರ್ರ," ಅಂದ, "ಮಾರೂದು ಮನಸ್ಸಿಲ್ಲಂದ್ರ ಹಂಗ ಹೇಳ್ರಿ. ಸುಳ್ಳ್ಯಾಕ?"

"ಬಂದು ಕೇಳ್ರಿ."

ಬಂದ. ನಮ್ಮ ಅಡುಗೆಮನೆಯಲ್ಲಿ ಮೊಣಕಾಲೂರಿ ಡಬ್ಬಿಗೆ ಕಿವಿ ಹಚ್ಚಿದ. ಗುರುಪಾದ ಮಿಕ್ಸರ್ ನಿಲ್ಲಿಸಿದರು. ಈರಸಂಗಪ್ಪನ ಮುಖದಲ್ಲಿ ಏನೇನೋ ಬಂದು ಹೋಯಿತು. ಎದ್ದು ಮೊಣಕಾಲು ಝಾಡಿಸಿಕೊಂಡವನು ಅಂದದ್ದು ಮಾತ್ರ ವ್ಯವಹಾರದ ಮಾತು. "ಕೇಳ್ದವ್ರು ಯಾರ್ಯಾರು?"

"ನಾವು ಮೂರು ಮಂದಿ. ರಾಚವ್ವಗ ಬರೀ ಸಂಶಯ."

"ಹಂಗಾದ್ರ ನಾಕರ ಬಸ್ಸಿಗೆ ಹೋಗೂಣು. ಇಂಜಿನ್ನಿನ ಸಪ್ಪಳದಾಗ ಆನಿ ಕೂಗಿದ್ರೂ ಯಾರಿಗೂ ಕೇಳ್ಸೂದಿಲ್ಲ. ಕಲ್ಲು ದಾಟಿದ ಕೂಡ್ಲೇ ಇದರ ಬಾಯಿ ಮುಚ್ಚತೈತಿ."

"ಮೂರು ದಿನಕ್ಕ ಒಳಗಿಂದು ಹುಳಿ ಆಗತೈತಿ. ಆ ಹೆಣ್ಮಗಳಿಗೆ ಮೋಸ ಮಾಡಿದಂಗ ಅಲ್ಲೇನ್ರಿ?"

"ಆಕಿ ಕುಡಿಯಾಕ ಒಯ್ತಾಳೇನು? ಇನ್ನೊಬ್ಬಗ ಮಾರ್ತಾಳ. ಅಂವ ಮತ್ತೊಬ್ಬಗ. ಐವತ್ತು ವರ್ಷ ಇದು ಕಪಾಟಿನಿಂದ ಕಪಾಟಿಗೆ ಹೋಗತೈತಿ, ಬೂಚು ಯಾರೂ ತೆಗಿಯೂದಿಲ್ಲ. ಹುಳಿ ಆದ್ರೇನು, ಜೇನ ಆದ್ರೇನು, ಯಾರಿಗೆ ತಿಳೀತೈತಿ ಹೇಳ್ರಿ?"

ಲೆಕ್ಕ ಕಲಿಸಿದವಳು ನಾನು, ಅವನ ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಮಾಳಿಗೆ ನೆನಪಾಯಿತು. ಬರೆದಿಟ್ಟ ನಾಲ್ಕು ಹೆಸರು ನೆನಪಾದವು. ಎಲ್ಲಕ್ಕಿಂತ ಹೆಚ್ಚಾಗಿ, ಒಂಬತ್ತು ವರ್ಷದ ಮೇಲೆ ಅವನು ನನ್ನ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದ. ಬೇಡ ಅಂದರೆ ಮತ್ತೆ ಒಂಬತ್ತು ವರ್ಷವೇ ಎಂಬ ಅಂಜಿಕೆ. "ಆತು" ಅಂದೆ. ಗುರುಪಾದ ನನ್ನನ್ನು ಒಂದು ಥರ ನೋಡಿದರು. ಮತ್ತೆ ಮಿಕ್ಸರ್ ಹಚ್ಚಿದರು.

ಮಧ್ಯಾಹ್ನದವರೆಗೆ ಹೇಗೆ ಕಳೆದೆವೋ. ಬಾಟಲಿಯ ದನಿ ತಾಸಿಗೊಮ್ಮೆ ಏರುತ್ತಿತ್ತು. ಮಿಕ್ಸರ್ ಸುಟ್ಟ ವಾಸನೆ ಬರತೊಡಗಿದ ಮೇಲೆ ಗುರುಪಾದ ರೇಡಿಯೊ ಹಚ್ಚಿದರು, ಅಂಗಡಿಯ ಅಲಾರಂ ಗಡಿಯಾರಗಳನ್ನೆಲ್ಲ ತಂದು ಒಂದರ ಹಿಂದೆ ಒಂದು ಹೊಡೆಸಿದರು. ರಾಚವ್ವ ಬೆಲ್ಲ ಕೇಳಲು ಒಮ್ಮೆ, ಬೇವಿನ ಸೊಪ್ಪು ಕೇಳಲು ಇನ್ನೊಮ್ಮೆ ಬಂದು ಹೋದಳು. ಮೂರೂಮುಕ್ಕಾಲಿಗೆ ನಾವಿಬ್ಬರೂ ಡಬ್ಬಿಯ ಆಚೆ ಈಚೆ ಹಿಡಿದು ಓಣಿಯಲ್ಲಿ ನಡೆದೆವು. ಈರಸಂಗಪ್ಪ ಜೋರಾಗಿ ಕೆಮ್ಮುತ್ತಲೇ ಬಂದ. ಜನ ನಮ್ಮಿಬ್ಬರನ್ನು ಜೊತೆಯಲ್ಲಿ ಕಂಡೇ ಬೆರಗಾಗಿ, ಬೇರೆ ಏನನ್ನೂ ಕೇಳಿಸಿಕೊಳ್ಳಲಿಲ್ಲ.

ಬಸ್ಸು ತುಂಬಿತ್ತು. ಮುಂದಿನ ಸೀಟು ಸಿಕ್ಕಿತು, ಇಂಜಿನ್ನಿನ ಪಕ್ಕದ್ದೇ. ಡಬ್ಬಿ ನನ್ನ ತೊಡೆಯ ಮೇಲೆ. ಅವನು ಹೇಳಿದ್ದು ನಿಜ, ಆ ಗಡಗಡದಲ್ಲಿ ಏನೂ ಕೇಳುತ್ತಿರಲಿಲ್ಲ. ಆದರೆ ತಗಡು, ಜೋಳ, ಕಂಬಳಿ ಎಲ್ಲವನ್ನೂ ದಾಟಿ ಗುನುಗು ನನ್ನ ಮೊಣಕಾಲಿಗೆ ಬರುತ್ತಿತ್ತು. ಊರು ಹಿಂದಾಯಿತು, ಕಬ್ಬಿನ ಗದ್ದೆ ಹಿಂದಾಯಿತು. ಈ ದನಿ ಕಲ್ಲಿನ ಹತ್ತಿರ ನಡುವಿನಲ್ಲೇ ಕಡಿದುಹೋಗುತ್ತದೆ, ಹಾಡಿನ ಮುಂದಿನ ಸಾಲು ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಆಗ ಮನಸ್ಸಿಗೆ ಬಂತು. ಪಕ್ಕಕ್ಕೆ ನೋಡಿದೆ. ಈರಸಂಗಪ್ಪ ಕಿಟಕಿಯಾಚೆ ನೋಡುತ್ತಿದ್ದ. ಡಬ್ಬಿ ಜಾರದಿರಲೆಂಬಂತೆ ಒಂದು ಕೈ ಮುಚ್ಚಳದ ಮೇಲಿಟ್ಟಿದ್ದ. ಆ ಕೈಯ ಬೆರಳುಗಳು ತಾಳ ಹಾಕುತ್ತಿದ್ದವು, ತನಗೇ ಅರಿವಿಲ್ಲದಂತೆ, ಒಂದು ಪೆಟ್ಟೂ ತಪ್ಪದಂತೆ.

ತಿರುವು ದಾಟಿತು. ಬಿಳಿಯ ಕಲ್ಲು ಕಂಡಿತು. ಅದರಾಚೆ ಕಪ್ಪು ಕಾರು, ಕಾರಿಗೆ ಒರಗಿ ನಿಂತ ರೆಬೆಲ್ಲೊ.

"ಕಂಡಕ್ಟರ್ರ" ಎಂದು ನಾನು ಎದ್ದು ನಿಂತೆ. ಗಂಟೆಯ ಹಗ್ಗಕ್ಕೆ ಕೈ ಚಾಚಿದೆ, ಸಿಗಲಿಲ್ಲ. "ಕಂಡಕ್ಟರ್ರ, ನನ್ನ ಕೈಲೆ ಆಗೂದಿಲ್ರಿ ಇದು."

ಈರಸಂಗಪ್ಪ ನನ್ನ ಕಡೆ ತಿರುಗಿದ್ದಷ್ಟೇ. ಆಮೇಲೆ ಬಂದದ್ದು ಮೂವತ್ತು ವರ್ಷ ಆ ರಸ್ತೆಯಲ್ಲಿ ಮೊಳಗಿದ ಗಂಟಲು. "ಹೋಲ್ಡಾನ್!"

ಡ್ರೈವರನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕಲ್ಲಿಗೆ ಹತ್ತು ಮಾರು ಈಚೆ ಬಸ್ಸು ನಿಂತಿತು. ಏನಾಯಿತೆಂದು ನೋಡಲು ಅವನು ಇಂಜಿನ್ ಬಂದ್ ಮಾಡಿದ. ಆ ನಿಶ್ಶಬ್ದದಲ್ಲಿ ಬಾಟಲಿಯ ದನಿ, ಬೆಳಗಿನಿಂದ ಕಂಬಳಿಯೊಳಗೆ ಕೂಡಿಹಾಕಿದ ದನಿ, ಇಡೀ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಯಾರೂ ಮಿಸುಕಲಿಲ್ಲ. ಕೋಳಿ ಬುಟ್ಟಿ ಇಟ್ಟುಕೊಂಡಿದ್ದ ಮುದುಕ ಮೆಲ್ಲಗೆ ಕೈಯನ್ನು ಜೇಬಿಗೆ ಇಳಿಸಿದ. ಒಂದು ಸ್ಟೀಲ್ ಲೋಟ ಹೊರಬಂತು. ಆಮೇಲೆ ಎಲ್ಲ ಕಡೆಯಿಂದ ಲೋಟಗಳ ಕಿಣಿಕಿಣಿ.

ಬಸ್ಸಿನಿಂದ ಎಲ್ಲರೂ ಇಳಿದೆವು. ಬೂಚು ತೆಗೆಯುವ ತಿರುಪು ಪ್ರಥಮ ಚಿಕಿತ್ಸೆಯ ಡಬ್ಬಿಯಲ್ಲಿತ್ತು. ನಮ್ಮ ಊರಿನ ಬಸ್ಸುಗಳಲ್ಲಿ ಟಿಂಚರ್ ಇಲ್ಲದಿದ್ದರೂ ಅದು ಇರುತ್ತದೆ. ನಾನು ತಲೆ ಎಣಿಸಿದೆ. ಪ್ರಯಾಣಿಕರು ಮೂವತ್ತೆಂಟು, ಡ್ರೈವರ್, ಈಗಿನ ಕಂಡಕ್ಟರ್, ನಾವಿಬ್ಬರು, ಮನೆಯಲ್ಲಿ ಕೇಳಿಸಿಕೊಂಡ ಗುರುಪಾದ. "ತಲಿಗೆ ಮೂರು ಚಮಚ, ಗಸಿ ಬಿಟ್ಟು" ಅಂದೆ. ಯಾರದೋ ಕೆಮ್ಮಿನ ಔಷಧದ ಅಳತೆ ಮುಚ್ಚಳ ಬಂತು. ಅಷ್ಟರಲ್ಲಿ ರೆಬೆಲ್ಲೊ ಆಚೆಯಿಂದ ನಡೆದು ಬಂದಳು. ಕಲ್ಲಿನ ಹತ್ತಿರ ಒಂದು ಕಾಲು ಈಚೆ ಇಟ್ಟವಳೇ ದನಿ ಕಿವಿಗೆ ಬಿದ್ದು ಸ್ತಬ್ಧಳಾದಳು. ಕಾಲು ಹಿಂದಕ್ಕೆ ತೆಗೆದಳು. ಮತ್ತೆ ಮುಂದಿಟ್ಟಳು.

"ಇದು... ಇದು ಹೀಗಿರುತ್ತದೆಯೇ?" ಅಂದಳು. "ಹದಿನೆಂಟು ವರ್ಷದಿಂದ ಈ ಕಲ್ಲಿನ ಆಚೆ ನಿಂತು ಮೂಕ ಬಾಟಲಿಗಳನ್ನೇ ಕೊಳ್ಳುತ್ತಿದ್ದೇನೆ."

"ಬೆಳಿಗ್ಗೆನಽ ಬಾಯಿ ಬಂದಿತ್ತು ಮೇಡಂ" ಅಂದೆ. "ನಿಮಗ ಮಾರೂದಿತ್ತು, ಹೇಳದನ. ತಪ್ಪಾತು."

ಅವಳು ನನ್ನನ್ನೂ ಈರಸಂಗಪ್ಪನನ್ನೂ ಒಂದೊಂದು ಸಲ ಸರಿಯಾಗಿ ನೋಡಿದಳು. ಬೈಯಲಿ ಎಂದು ಕಾದೆ. ಅವಳು ಕೈಗವಸು ಬಿಚ್ಚಿ ಜೇಬಿಗೆ ತುರುಕಿದಳು. "ನನಗೂ ಕೇಳಿಸಿತಲ್ಲ. ಪಾಲು ಉಂಟೋ ಇಲ್ಲವೋ?"

"ಒಟ್ಟು ನಲವತ್ನಾಕು" ಎಂದು ಲೆಕ್ಕ ತಿದ್ದಿದೆ.

ಬೂಚು ತೆಗೆದದ್ದು ಈರಸಂಗಪ್ಪ. ಬೂಚು ಒದ್ದೆಯಾಗಿತ್ತು, ಮೆತ್ತಗಿತ್ತು, ಒಂದು ಚೂರೂ ಮುರಿಯದೆ ಬಂತು. ದನಿ ತಟ್ಟನೆ ನಿಲ್ಲುತ್ತದೆಂದುಕೊಂಡಿದ್ದೆ. ಇಲ್ಲ, ಸಾಲನ್ನು ಪೂರ್ತಿ ಮುಗಿಸಿಯೇ ನಿಂತಿತು. ಅವನು ಬಾಗಿಲ ಮೆಟ್ಟಿಲ ಮೇಲೆ ನಿಂತು, "ಒಬ್ಬೊಬ್ರಽ ಬರ್ರಿ, ನೂಕಬ್ಯಾಡ್ರಿ, ಎಲ್ಲಾರಿಗೂ ಐತಿ" ಎಂದು ಅಳೆದು ಹಂಚಿದ. ಕೋಳಿಯ ಮುದುಕ ತನ್ನ ಪಾಲು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತವನು ನುಂಗಲು ಬಹಳ ಹೊತ್ತು ತೆಗೆದುಕೊಂಡ. ಡ್ರೈವರ್ ಹೋಗಿ ಸ್ಟಿಯರಿಂಗಿಗೆ ಹಣೆ ಹಚ್ಚಿ ಕೂತ. ರೆಬೆಲ್ಲೊ ಕುಡಿದು, ಇಲ್ಲಿ ಬಾಡಿಗೆಗೆ ಕೋಣೆ ಸಿಗುತ್ತದೆಯೇ ಎಂದು ಕಂಡಕ್ಟರನನ್ನು ವಿಚಾರಿಸಲು ಹೋದಳು. ನಾನು ನನ್ನ ಮೂರು ಚಮಚ ಕುಡಿದೆ. ಇಪ್ಪತ್ತೇಳು ವರ್ಷ ಅದನ್ನು ನೋಡಿದ್ದೆ, ತಿರುಗಿಸಿದ್ದೆ, ಒರೆಸಿದ್ದೆ. ಒಳಗೆ ಇದಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ಬಸ್ಸು ಮುಂದೆ ಹೋಯಿತು. ನಾವಿಬ್ಬರೂ ಊರ ಕಡೆ ನಡೆದೆವು. ಗುರುಪಾದರ ಪಾಲು ಔಷಧದ ಮುಚ್ಚಳದಲ್ಲಿ, ಮುಚ್ಚಳ ನನ್ನ ಅಂಗೈಯಲ್ಲಿ. ಈರಸಂಗಪ್ಪ ಖಾಲಿ ಡಬ್ಬಿ ಹೊತ್ತಿದ್ದ.

"ಬಸ್ಸು ಹೋತಲ್ರಿ ನಿಮ್ದು" ಅಂದೆ.

"ಹೋತು" ಅಂದ. ಸ್ವಲ್ಪ ದೂರ ನಡೆದು, "ಅದಕ್ಕ ಡೀಸೆಲ್ ಎಲ್ಲಿಂದ ಹಾಕ್ತಿದ್ದೆ ಬಿಡ್ರಿ" ಅಂದ. ನೋವು ದನಿಯಲ್ಲಿತ್ತು, ಮುಚ್ಚಿಡಲು ಹೋಗಲಿಲ್ಲ. ಇನ್ನೂ ಸ್ವಲ್ಪ ನಡೆದ ಮೇಲೆ, "ಆದ್ರ ಗಾಣದ ಮನಿ ವಾಸ್ನಿ ಏನು ಬಂತ್ರಿ ಅದರಾಗ! ಬೆಲ್ಲಾ ಕಾಯ್ಸೂ ಮುಂದಿನ ಹೊಗಿ!" ಎಂದ.

"ಗಾಣ ಎಲ್ಲೀದ್ರಿ? ನೇರಳಿಹಣ್ಣು ಅದು. ಹೊಸಾ ಪೆನ್ಸಿಲ್ ಕೆತ್ತಿದಂಗ ಒಂದು ವಾಸ್ನಿ."

"ಪೆನ್ಸಿಲ್ಲಾ? ಟೀಚರ್ರ, ನಿಮಗ ಶಾಲಿ ಬಿಟ್ರ ಏನೂ ನೆನಪಾಗೂದಿಲ್ಲೇನು?"

"ನಿಮ್ಮ ಮೂಗಿನಾಗ ಮೂವತ್ತು ವರ್ಷದ ಡೀಸೆಲ್ ಹೊಗಿ ಕುಂತೈತಿ. ನಿಮಗ ಏನು ತಿಳೀತೈತಿ?"

ಎರಡು ಮೈಲಿ ಹೀಗೇ ಬಂದೆವು. ಅವನ ಮನೆಯ ಕಟ್ಟೆಯ ಮೇಲೆ ಗುರುಪಾದ ಕೂತಿದ್ದರು. ನಮ್ಮ ಮಿಕ್ಸರ್ ಸುಟ್ಟುಹೋಗಿ, ಚಟ್ನಿ ಅರೆಸಿಕೊಂಡು ಹೋಗಲು ಸುಂದ್ರವ್ವನ ಹತ್ತಿರ ಬಂದಿದ್ದರಂತೆ. ನಮ್ಮಿಬ್ಬರ ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತು. ಮಾರಿದಿರಾ ಎಂದು ಕೇಳಲೇ ಇಲ್ಲ. ಮುಚ್ಚಳ ಮುಂದೆ ಹಿಡಿದೆ. "ನಿಮ್ಮ ಪಾಲು. ಕೇಳ್ದವ್ರು ಕುಡಿಯಾಕಽ ಬೇಕು."

ಹುಟ್ಟಿದಾಗಿನಿಂದ ಹನಿ ಮುಟ್ಟದ ಮನುಷ್ಯ, ಕಷಾಯ ಕುಡಿಯುವವರಂತೆ ಕಣ್ಣು ಕಿರಿದು ಮಾಡಿ ಬಾಯಿಗೆ ಹಾಕಿಕೊಂಡರು. ನಾನೂ ಈರಸಂಗಪ್ಪನೂ ಎರಡು ಕಡೆಯಿಂದ ಬಾಗಿ ಅವರ ಬಾಯನ್ನೇ ನೋಡುತ್ತಿದ್ದೆವು. ಗಾಣವೋ, ಪೆನ್ಸಿಲ್ಲೋ. ಗುರುಪಾದ ನುಂಗಿದರು. ಕೆಳಗೆ ನೋಡಿದರು. ಮುಚ್ಚಳದ ಒಳಗೆ ಬೆರಳು ಆಡಿಸಿ ನೆಕ್ಕಿದರು.

"ಇನ್ನೊಂದೀಟು ಐತೇನು?" ಅಂದರು.

ಸುಂದ್ರವ್ವ ಬಾಗಿಲಿಗೆ ಬಂದಳು. "ಒಳಗ ಬರ್ರಿ ಎಲ್ಲಾರೂ, ರೊಟ್ಟಿ ಬಡ್ಯಾಕ ಹತ್ತೇನಿ. ಬೀದ್ಯಾಗ ಯಾಕ ಜಗಳ? ಕುಂತು ಉಂಡು ಜಗಳಾಡ್ರಿ."

ಒಳಗೆ ಹೋದೆವು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರುಪಾದ ಅರೆಸಲು ತಂದಿದ್ದ ಚಟ್ನಿ. ಗಾಣ ಅಂದ ಅವನು, ನೇರಳೆ ಅಂದೆ ನಾನು, ಎರಡೂ ಅಲ್ಲ ಅಂದರು ಗುರುಪಾದ, ಏನೆಂದು ಮಾತ್ರ ಹೇಳಲು ಅವರಿಗೆ ಬರಲಿಲ್ಲ. ಊಟ ಮುಗಿದು ಎಂಜಲು ಕೈ ಒಣಗಿದರೂ ಯಾರೂ ಏಳಲಿಲ್ಲ.